ಈ ಕಾಯಿಲೆ ಯಾರದು?

ಯುವಜನರ ಪಾಠ: ಡಿಸೆಂಬರ್ 1, ವಿಶ್ವ ಏಡ್ಸ್ ದಿನ



ಕಳೆದ ತಪಸ್ಸು ಕಾಲದ ಒಂದು ಶುಕ್ರವಾರ. ಶಿಲುಬೆ ಹಾದಿ ಮುಗಿದ ಮೇಲೆ ಎಲ್ಲರಿಗೂ ಊಟ. ಮನೆಮನೆಯಿಂದ ಪಾತ್ರೆಗಳು ಬಂದಿದ್ದವು. ಬಡಿಸುವ ಕೆಲಸ ನಮ್ಮ ಯುವಜನರದು. ಎಲ್ಲ ಮುಗಿದು ಪಾತ್ರೆ ತೊಳೆಯಲು ಕೂತಾಗ ನೋಡಿದರೆ ಒಂದು ಪಾತ್ರೆಯ ಮುಚ್ಚಳವನ್ನೇ ಯಾರೂ ತೆಗೆದಿರಲಿಲ್ಲ. ಅದನ್ನು ತಂದವರು ಒಬ್ಬ ಅಕ್ಕ. ಅವರ ಗಂಡ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗಿದ್ದವರು, ಕಾಯಿಲೆ ಬಿದ್ದು ಊರಿಗೆ ಬಂದು ತೀರಿಕೊಂಡರು. "ಅದೇ ಕಾಯಿಲೆಯಂತೆ" ಎಂದು ಯಾರೋ ಯಾರಿಗೋ ಹೇಳಿದ್ದರು. ಅಷ್ಟು ಸಾಕಾಯಿತು. ಬೇಡ ಎಂದು ನಾವು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಆ ಪಾತ್ರೆ ದಾಟಿಕೊಂಡು ಹೋದೆವು. ಅಕ್ಕ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದರು. ಆಮೇಲೆ ಎರಡು ತಿಂಗಳು ಬಲಿಪೂಜೆಗೆ ಬರಲಿಲ್ಲ.

ಅವರಿಗೆ ಎಚ್‌ಐವಿ ಇದೆಯೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಯಾರು ಆ ಅಕ್ಕ ಎಂದು ಊಹಿಸಲು ಹೋಗಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇವೆ. ಇದು ಅವರ ತಪ್ಪಿನ ಕಥೆಯಲ್ಲ, ನಮ್ಮದು. ಆ ದಿನದ ನಂತರ ನಮ್ಮ ಭಾನುವಾರದ ತರಗತಿಯಲ್ಲಿ ಈ ವಿಷಯ ತೆಗೆದುಕೊಂಡೆವು. ಆಗ ಒಬ್ಬ ತಮ್ಮ ಕೇಳಿದ ಪ್ರಶ್ನೆಯೇ ಈ ಪಾಠಕ್ಕೆ ಮೂಲ: "ಆ ಕಾಯಿಲೆ ಕೆಲವು ತರದವರಿಗೆ ಮಾತ್ರ ಬರುತ್ತೆ ಅಲ್ವಾ? ನಮ್ಮಂಥವರಿಗೆ ಯಾಕೆ ಬರುತ್ತೆ?"

ಪ್ರಶ್ನೆ ಒಳ್ಳೆಯದೇ. ಕೆಲವು ಜನರಲ್ಲಿ ಈ ಕಾಯಿಲೆ ಹೆಚ್ಚು, ಕೆಲವರಲ್ಲಿ ಕಡಿಮೆ ಎಂಬುದು ನಿಜ. ಯಾಕೆ ಹಾಗೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದಿದ್ದರೆ ಆ ನಿಜವೇ ಸುಳ್ಳಿಗಿಂತ ಕೆಟ್ಟದ್ದಾಗುತ್ತದೆ.

1. ಮೊದಲು ಕಾಯಿಲೆಯ ಬಗ್ಗೆ

ಎಚ್‌ಐವಿ ಒಂದು ವೈರಾಣು. ನಮ್ಮ ರಕ್ತದಲ್ಲಿ ರೋಗಗಳ ವಿರುದ್ಧ ಹೋರಾಡುವ ಬಿಳಿ ಕಣಗಳಿವೆ. ಅವುಗಳಲ್ಲಿ ಸಿಡಿ4 ಎಂಬ ಕಣಗಳನ್ನು ಇದು ಹಿಡಿದು ನಾಶ ಮಾಡುತ್ತಾ ಹೋಗುತ್ತದೆ. ಅವು ತೀರಾ ಕಡಿಮೆಯಾದಾಗ ಕ್ಷಯದಂಥ ರೋಗಗಳು ದೇಹವನ್ನು ಸುಲಭವಾಗಿ ಹೊಕ್ಕುತ್ತವೆ. ಆ ಕೊನೆಯ ಹಂತಕ್ಕೆ ಏಡ್ಸ್ ಎಂದು ಹೆಸರು. ಔಷಧಿ ಇಲ್ಲದಿದ್ದರೆ ವೈರಾಣು ಹೊಕ್ಕ ದಿನದಿಂದ ಏಡ್ಸ್ ಹಂತಕ್ಕೆ ಬರಲು ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ವರ್ಷವೂ ಮನುಷ್ಯ ನೋಡಲು ಆರೋಗ್ಯವಾಗಿಯೇ ಇರಬಹುದು.

ಇದು ಹರಡುವ ದಾರಿಗಳು ಕೆಲವೇ: ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದು, ಮತ್ತು ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಒಟ್ಟಿಗೆ ಊಟ ಮಾಡಿದರೆ ಬರುವುದಿಲ್ಲ. ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ. ಕೈ ಹಿಡಿದರೆ, ಮುತ್ತಿಟ್ಟರೆ, ಪಕ್ಕದಲ್ಲಿ ಕುಳಿತರೆ, ಸೊಳ್ಳೆ ಕಚ್ಚಿದರೆ, ಶೌಚಾಲಯ ಬಳಸಿದರೆ ಬರುವುದಿಲ್ಲ. ಬೇಯಿಸಿದ ಅಡುಗೆಯಿಂದಂತೂ ಬರುವುದೇ ಇಲ್ಲ. ಇದನ್ನೆಲ್ಲ ನಾವು ಪರೀಕ್ಷೆಗೆ ಓದಿ ಬರೆದು ಪಾಸಾಗಿದ್ದೆವು. ಆದರೂ ಆ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಪುಸ್ತಕದ ತಿಳಿವಳಿಕೆ ಕೈಗೆ ಇಳಿಯಲು ಬೇರೆ ಏನೋ ಬೇಕು ಎಂದು ಆ ದಿನ ಗೊತ್ತಾಯಿತು.

2. ಊರಿನಿಂದ ಊರಿಗೆ ಏಕೆ ವ್ಯತ್ಯಾಸ?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 2021ರ ಸರ್ಕಾರಿ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 24 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ವಯಸ್ಕರಲ್ಲಿ ಶೇಕಡಾ 0.21, ಅಂದರೆ ಸಾವಿರದಲ್ಲಿ ಇಬ್ಬರು. ನಮ್ಮ ತೆಲಂಗಾಣದಲ್ಲಿ ಶೇಕಡಾ 0.47. ಪಕ್ಕದ ಕರ್ನಾಟಕದಲ್ಲಿ 0.46. ಎರಡೂ ದೇಶದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. ಗಡಿಯ ಆಚೆಗೂ ಈಚೆಗೂ ಸಂಬಂಧ ಬೆಳೆಸಿಕೊಂಡಿರುವ ನಮಗೆ ಇದು ದೂರದ ಸುದ್ದಿಯಲ್ಲ.

ಅತಿ ಹೆಚ್ಚು ಇರುವುದು ಮಿಜೋರಾಂನಲ್ಲಿ, ಶೇಕಡಾ 2.70. ಆನಂತರ ನಾಗಾಲ್ಯಾಂಡ್, 1.36. ಇಲ್ಲಿ ಸ್ವಲ್ಪ ನಿಲ್ಲಿ. ಈ ಎರಡೂ ರಾಜ್ಯಗಳಲ್ಲಿ ಬಹುಸಂಖ್ಯಾತರು ಕ್ರೈಸ್ತರೇ. "ನಮ್ಮಂಥವರಿಗೆ ಬರುವುದಿಲ್ಲ" ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಹಾಗೆಂದು ಕ್ರೈಸ್ತರಾದ್ದರಿಂದ ಅವರಿಗೆ ಬಂತು ಎಂದು ಯಾರಾದರೂ ಹೇಳಿದರೆ ನಮಗೆ ಕೋಪ ಬರುತ್ತದೆ, ಬರಬೇಕಾದದ್ದೇ. ಅಲ್ಲಿ ಮಾದಕ ವಸ್ತುಗಳನ್ನು ಚುಚ್ಚಿಕೊಳ್ಳುವ ಸೂಜಿಗಳಿಂದ ಕಾಯಿಲೆ ಹರಡಿತು, ಅಲ್ಲಿಂದ ಮನೆಗಳಿಗೆ ಬಂತು. ಕಾರಣ ಧರ್ಮದಲ್ಲಿ ಇರಲಿಲ್ಲ, ಸೂಜಿಯಲ್ಲಿತ್ತು. ನಮ್ಮವರ ಬಗ್ಗೆ ನಾವು ಈ ನ್ಯಾಯ ಕೇಳುತ್ತೇವಾದರೆ ಬೇರೆಯವರಿಗೂ ಅದೇ ನ್ಯಾಯ ಕೊಡಬೇಕು.

ಇನ್ನೊಂದು ಉದಾಹರಣೆ ಕರ್ನಾಟಕದ ಬಾಗಲಕೋಟೆ ಜಿಲ್ಲೆಯದು. 2003ರಲ್ಲಿ ಅಲ್ಲಿ ಸಾಮಾನ್ಯ ಜನರ ನಡುವೆಯೇ ರಕ್ತ ಪರೀಕ್ಷೆ ನಡೆಸಿದಾಗ ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಸೋಂಕು ಕಂಡಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚಿತ್ತು. ಹಳ್ಳಿ ಹಳ್ಳಿಗೂ ವ್ಯತ್ಯಾಸವಿತ್ತು: ಒಂದರಲ್ಲಿ ಯಾರಿಗೂ ಇಲ್ಲ, ಇನ್ನೊಂದರಲ್ಲಿ ಬಹಳ ಮಂದಿಗೆ. ಅದೇ ನೀರು, ಅದೇ ರೊಟ್ಟಿ, ಅದೇ ಭಾಷೆ. ಜನರ ರಕ್ತ ಬೇರೆಯಲ್ಲ, ಬದುಕಿನ ದಾರಿಗಳು ಬೇರೆ.

3. ಬಣ್ಣ ಮತ್ತು ಜಾತಿ

ಅಮೆರಿಕದಲ್ಲಿ ಕಪ್ಪು ಜನರು ಜನಸಂಖ್ಯೆಯ ಸುಮಾರು ಶೇಕಡಾ 12ರಿಂದ 13. ಆದರೆ ಅಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವ ಹತ್ತು ಜನರಲ್ಲಿ ಸುಮಾರು ನಾಲ್ವರು ಕಪ್ಪು ಜನರು. ಅವರ ಮೈಯಲ್ಲೇ ಏನೋ ಇದೆ ಎಂದೂ, ಅವರ ನಡತೆಯೇ ಸರಿಯಿಲ್ಲ ಎಂದೂ ಹೇಳಿದವರಿದ್ದಾರೆ. ಸಂಶೋಧಕರು ಹೋಲಿಸಿ ನೋಡಿದರು. ಹೆಚ್ಚು ಸೋಂಕು ಕಂಡುಬಂದ ಗುಂಪುಗಳಲ್ಲಿ ಒಂದಾದ ಕಪ್ಪು ಸಮಲಿಂಗಿ ಪುರುಷರ ನಡವಳಿಕೆ, ಅದೇ ರೀತಿಯ ಬಿಳಿಯರ ನಡವಳಿಕೆಗಿಂತ ಹೆಚ್ಚು ಅಪಾಯದ್ದಾಗಿರಲಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಇದನ್ನು ಕೆರೆಯ ಉದಾಹರಣೆಯಿಂದ ತಿಳಿಯೋಣ. ಎರಡು ಊರಿನವರು ತಮ್ಮ ತಮ್ಮ ಕೆರೆಯಲ್ಲಿ ಒಂದೇ ರೀತಿ ಈಜುತ್ತಾರೆ. ಒಂದು ಕೆರೆಯಲ್ಲಿ ಮೊದಲೇ ಮೊಸಳೆಗಳು ಸೇರಿಕೊಂಡಿವೆ, ಹಿಡಿಯುವವರು ಯಾರೂ ಬಂದಿಲ್ಲ. ಇನ್ನೊಂದರಲ್ಲಿ ಹಿಡಿದು ಸಾಗಿಸಿದ್ದಾರೆ. ಒಂದೇ ರೀತಿ ಈಜಿದರೂ ಮೊದಲನೆಯ ಊರಿನವರಿಗೇ ಹೆಚ್ಚು ಅಪಾಯ. ಬಡತನ, ದೂರದ ಆಸ್ಪತ್ರೆ, ಆಸ್ಪತ್ರೆಗೆ ಹೋದರೆ ಅವಮಾನ, ತಡವಾದ ಪರೀಕ್ಷೆ, ನಡುವೆ ನಿಂತುಹೋಗುವ ಔಷಧಿ: ಇವೆಲ್ಲ ಸೇರಿದಾಗ ಒಂದು ಸಮುದಾಯದೊಳಗೆ ಚಿಕಿತ್ಸೆಯಿಲ್ಲದ ಸೋಂಕು ಉಳಿದುಕೊಳ್ಳುತ್ತದೆ. ಜನರು ತಮ್ಮವರೊಳಗೇ ಮದುವೆ, ಸಂಬಂಧ ಮಾಡಿಕೊಳ್ಳುವುದರಿಂದ ಅದು ಅಲ್ಲೇ ಸುತ್ತುತ್ತದೆ.

ಅಮೆರಿಕದಲ್ಲಿ ಬಣ್ಣ ಮಾಡಿದ ಕೆಲಸವನ್ನು ನಮ್ಮಲ್ಲಿ ಜಾತಿ ಮಾಡಿದೆ. ನಮ್ಮ ಹಳೆಯ ಮಹಬೂಬ್‌ನಗರ ಜಿಲ್ಲೆಯ ಹಳ್ಳಿಗಳಲ್ಲಿ ಜೋಗಿನಿ ಎಂಬ ಪದ್ಧತಿ ಇದ್ದದ್ದು ಹಿರಿಯರಿಗೆ ಗೊತ್ತು. ಉತ್ತರ ಕರ್ನಾಟಕದಲ್ಲಿ ದೇವದಾಸಿ ಎನ್ನುತ್ತಾರೆ. ದೇವರ ಹೆಸರಿನಲ್ಲಿ ಎಳೆಯ ಹುಡುಗಿಯರನ್ನು ಬಿಟ್ಟು, ಆಮೇಲೆ ಊರಿನ ಗಂಡಸರು ಅವರನ್ನು ಬಳಸಿಕೊಂಡರು. ಹೀಗೆ ಬಿಡಲ್ಪಟ್ಟವರು ಹೆಚ್ಚಾಗಿ ದಲಿತ ಕೇರಿಗಳ ಹುಡುಗಿಯರೇ. ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿದವು. ಎಚ್‌ಐವಿ ನಮ್ಮ ಭಾಗಕ್ಕೆ ಬಂದಾಗ ಅದರ ಬಾಯಿಗೆ ಮೊದಲು ಸಿಕ್ಕವರಲ್ಲಿ ಈ ಹೆಣ್ಣುಮಕ್ಕಳಿದ್ದರು. ಅವರು ಆರಿಸಿಕೊಂಡ ಬದುಕು ಅದಾಗಿರಲಿಲ್ಲ. ನಮ್ಮ ಧರ್ಮಕೇಂದ್ರದ ಬಹಳ ಕುಟುಂಬಗಳ ಬೇರು ಅದೇ ಕೇರಿಗಳಲ್ಲಿದೆ. ಆದ್ದರಿಂದ "ಅವರು" ಎಂದು ಬೆರಳು ತೋರಿಸುವ ಮೊದಲು ಆ ಬೆರಳು ಎಲ್ಲಿಗೆ ತಿರುಗುತ್ತದೆ ನೋಡಿಕೊಳ್ಳೋಣ.

ಎರಡನೆಯದು ವಲಸೆ. ಪಾಲಮೂರು ಕೂಲಿ ಎಂದರೆ ದೇಶಕ್ಕೇ ಗೊತ್ತು. ಬೊಮ್ರಾಸಪೇಟ್, ಕೊಡಂಗಲ್, ನಾರಾಯಣಖೇಡ್ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಮುಂಬೈ, ಪುಣೆ, ಹೈದರಾಬಾದ್‌ಗೆ ಹೋಗದ ಮನೆ ಯಾವುದು? ಜಹೀರಾಬಾದ್ ಇರುವುದೇ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ, ಹಗಲೂ ರಾತ್ರಿ ಲಾರಿ ಓಡುವ ದಾರಿ. ತಾಂಡೂರಿನ ಕಲ್ಲು ಗಣಿಗಳಿಗೆ ಬೇರೆ ಕಡೆಯಿಂದ ಕೂಲಿಗಳು ಬರುತ್ತಾರೆ. ತಿಂಗಳುಗಟ್ಟಲೆ ಹೆಂಡತಿ ಮಕ್ಕಳಿಂದ ದೂರ ಇರುವ ಗಂಡಸು, ಶೆಡ್ಡಿನ ಬದುಕು, ಕುಡಿತ, ಒಂಟಿತನ. ತಪ್ಪನ್ನು ತಪ್ಪು ಎಂದೇ ಹೇಳಬೇಕು. ಆದರೆ ಮನೆಯಲ್ಲಿ ಹೊಲ, ಮಕ್ಕಳು, ಅತ್ತೆ ಮಾವನನ್ನು ನೋಡಿಕೊಂಡು ನಿಷ್ಠೆಯಿಂದ ಇದ್ದ ಹೆಂಡತಿಗೂ ಸೋಂಕು ಬರುತ್ತದಲ್ಲ, ಅವಳ ತಪ್ಪೇನು? ದೇಶದಲ್ಲಿ ಎಚ್‌ಐವಿ ಇರುವ ಹತ್ತು ಜನರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಹೆಂಗಸರು. ಅವರಲ್ಲಿ ಬಹಳ ಜನರಿಗೆ ಬಂದದ್ದು ಕಟ್ಟಿಕೊಂಡ ಗಂಡನಿಂದಲೇ.

ಮೂರನೆಯದು ಭಾಷೆ. ನಮ್ಮ ಧರ್ಮಪ್ರಾಂತ್ಯದಲ್ಲಿ ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲದರಲ್ಲೂ ಪೂಜೆ ನಡೆಯುತ್ತದೆ. ಆದರೆ ಆಸ್ಪತ್ರೆಯ ಗೋಡೆಯ ಮೇಲಿನ ಚಿತ್ರಪಟ ತೆಲುಗಿನಲ್ಲಿರುತ್ತದೆ. ನಮ್ಮ ಅವ್ವಂದಿರಿಗೆ ತೆಲುಗು ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಾಚಿಕೆಯ ವಿಷಯವನ್ನು ಇನ್ನೊಬ್ಬರ ಭಾಷೆಯಲ್ಲಿ ಬಾಯಿಬಿಟ್ಟು ಕೇಳುವುದು ಇನ್ನೂ ಕಷ್ಟ. ಹೀಗೆ ತಿಳಿವಳಿಕೆಯೂ ಸಮವಾಗಿ ಹಂಚಿಕೆಯಾಗುವುದಿಲ್ಲ. ಈ ಪಾಠವನ್ನು ಕನ್ನಡದಲ್ಲಿ ಬರೆಯಲು ಅದೂ ಒಂದು ಕಾರಣ.

4. ವಯಸ್ಸು

ಸೋಂಕು ಹೊಕ್ಕ ಎಂಟು ಹತ್ತು ವರ್ಷದ ಮೇಲೆ ಕಾಯಿಲೆ ಕಾಣಿಸುತ್ತದೆ ಎಂದೆವು. ಲೆಕ್ಕ ಹಾಕಿ ನೋಡಿ. 33ನೇ ವಯಸ್ಸಿನಲ್ಲಿ ಹಾಸಿಗೆ ಹಿಡಿದವನಿಗೆ ವೈರಾಣು ಬಂದದ್ದು 23–25ರಲ್ಲಿ ಇರಬಹುದು. ಊರಿನವರು ನೋಡುವುದು ಮೂವತ್ತು ದಾಟಿದವರ ಕಾಯಿಲೆಯನ್ನು, ಬೀಜ ಬಿದ್ದದ್ದು ಯುವಕನಾಗಿದ್ದಾಗ. ಆದ್ದರಿಂದ "ಇದು ದೊಡ್ಡವರ ರೋಗ" ಎಂದು ಯುವಜನರು ಅಂದುಕೊಳ್ಳುವುದು ಲೆಕ್ಕದ ತಪ್ಪು.

ಆಫ್ರಿಕಾದ ದಕ್ಷಿಣ ಭಾಗದ ದೇಶಗಳಲ್ಲಿ 15ರಿಂದ 24 ವರ್ಷದ ಹುಡುಗಿಯರಿಗೆ ಅದೇ ವಯಸ್ಸಿನ ಹುಡುಗರಿಗಿಂತ ಬಹಳ ಹೆಚ್ಚು ಸೋಂಕು ತಗಲುತ್ತದೆ. ತಮಗಿಂತ ದೊಡ್ಡ ವಯಸ್ಸಿನ ಗಂಡಸರಿಂದ, ಬೇಡ ಎನ್ನುವ ಶಕ್ತಿ ಇಲ್ಲದ ಕಾರಣ. ನಮ್ಮಲ್ಲಿ ಹದಿನೆಂಟು ತುಂಬುವ ಮೊದಲೇ ಹುಡುಗಿಯನ್ನು ಹತ್ತು ವರ್ಷ ದೊಡ್ಡವನಿಗೆ ಕೊಟ್ಟು ಕೈ ತೊಳೆದುಕೊಳ್ಳುವವರು ಇದನ್ನು ನೆನಪಿಡಬೇಕು. ಗಂಡಿನ ಹಿಂದಿನ ಬದುಕನ್ನು ಕೇಳುವ ಧೈರ್ಯ ಆ ಹುಡುಗಿಗೆ ಎಲ್ಲಿಂದ ಬರಬೇಕು?

ಇನ್ನೊಂದು ತುದಿಯಲ್ಲಿ ಹಿರಿಯರಿದ್ದಾರೆ. ಐವತ್ತು ದಾಟಿದವರಿಗೆ ಜ್ವರ, ತೂಕ ಇಳಿಯುವುದು ಕಂಡರೆ ಸಕ್ಕರೆ ಕಾಯಿಲೆ, ಕ್ಷಯ ಎಂದೆಲ್ಲ ನೋಡುತ್ತಾರೆ. ಎಚ್‌ಐವಿ ಪರೀಕ್ಷೆ ಯಾರಿಗೂ ನೆನಪಾಗುವುದಿಲ್ಲ. ಗೊತ್ತಾಗುವಾಗ ತಡವಾಗಿರುತ್ತದೆ.

ಮಕ್ಕಳ ವಿಷಯದಲ್ಲಿ ಒಳ್ಳೆಯ ಸುದ್ದಿ ಇದೆ. ಚಿಕಿತ್ಸೆ ಇಲ್ಲದಿದ್ದರೆ ಸೋಂಕಿರುವ ತಾಯಿಗೆ ಹುಟ್ಟುವ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ತಾಯಿ ಗರ್ಭಿಣಿಯಾದಾಗಲೇ ಪರೀಕ್ಷೆ ಮಾಡಿಸಿ ಔಷಧಿ ತೆಗೆದುಕೊಂಡರೆ ಅದು ಐದಕ್ಕಿಂತ ಕೆಳಗೆ ಇಳಿಯುತ್ತದೆ. ಹಿಂದೆ ಸೋಂಕಿನೊಂದಿಗೇ ಹುಟ್ಟಿ, ಔಷಧಿಯ ಬಲದಿಂದ ಬೆಳೆದ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ, ಕೆಲಸ ಮಾಡುತ್ತಿದ್ದಾರೆ. ನಮ್ಮದೇ ವಯಸ್ಸಿನವರು ಅವರು. ಅವರಿಗೆ ಯಾವ ಪಾಪದ ಲೆಕ್ಕ ಹೇಳುತ್ತೀರಿ?

5. ಔಷಧಿ ಮತ್ತು ಹಕ್ಕು

2004ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಆರಂಭಿಸುವ ನಿಯಮ ಬಂದಿದೆ. ಈ ಮಾತ್ರೆ ವೈರಾಣುವನ್ನು ಪೂರ್ತಿ ಅಳಿಸುವುದಿಲ್ಲ, ಆದರೆ ಅದು ಹೆಚ್ಚದಂತೆ ಕಟ್ಟಿಹಾಕುತ್ತದೆ. ದಿನವೂ ತಪ್ಪದೆ ತೆಗೆದುಕೊಂಡು, ರಕ್ತ ಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಅವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಇದು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಿಂದ ಖಚಿತವಾದ ಮಾತು. ಅಂಥವರು ಮುಪ್ಪಿನವರೆಗೂ ಬದುಕುತ್ತಾರೆ. ದೇಶದಲ್ಲಿ ವರ್ಷಕ್ಕೆ ಬರುವ ಹೊಸ ಸೋಂಕುಗಳು 2010ರಿಂದ 2021ರೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಇಳಿದಿವೆ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದರ ಪ್ರಕಾರ ಎಚ್‌ಐವಿ ಇದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸದಿರುವುದು, ಬಾಡಿಗೆ ಮನೆ ಬಿಡಿಸುವುದು, ಚಿಕಿತ್ಸೆ ನಿರಾಕರಿಸುವುದು ಕಾನೂನುಬಾಹಿರ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಇನ್ನೊಬ್ಬರ ಸ್ಥಿತಿಯನ್ನು ಬಹಿರಂಗ ಮಾಡುವಂತಿಲ್ಲ. ಆ ಕಾಯ್ದೆಯಲ್ಲಿ ನಮ್ಮ ಮನಸ್ಸು ಕಲಕಿದ ಒಂದು ಅಂಶವಿದೆ: ತಂದೆತಾಯಿ ಕಾಯಿಲೆಗೆ ತುತ್ತಾದ ಮನೆಯಲ್ಲಿ, ತಿಳಿವಳಿಕೆ ಬಂದಿರುವ 12ರಿಂದ 18 ವರ್ಷದ ಅಣ್ಣನೋ ಅಕ್ಕನೋ ತನ್ನ ತಮ್ಮ ತಂಗಿಯರಿಗೆ ಪೋಷಕನಾಗಿ ಶಾಲೆ, ಬ್ಯಾಂಕು, ಆಸ್ಪತ್ರೆಯ ಕೆಲಸಗಳಲ್ಲಿ ಸಹಿ ಹಾಕಬಹುದು. ಎಷ್ಟು ಮನೆಗಳಲ್ಲಿ ಮಕ್ಕಳೇ ತಾಯಿತಂದೆಯಾಗಿರಬೇಕು, ಹೀಗೊಂದು ಕಾನೂನು ಬೇಕಾಗಲು?

ಪರೀಕ್ಷೆ ಬೇಕಾದವರು ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ ಹೋಗಬಹುದು. ಉಚಿತ, ಗುಟ್ಟು ಕಾಪಾಡುತ್ತಾರೆ. ಮಾಹಿತಿಗೆ 1097 ಉಚಿತ ಸಹಾಯವಾಣಿ. ತೆಲಂಗಾಣದಲ್ಲಿ ಆಸರಾ ಹೆಸರಿನಲ್ಲಿ ಆರಂಭವಾದ ಪಿಂಚಣಿಯ ಪಟ್ಟಿಯಲ್ಲಿ ಎಚ್‌ಐವಿ ಬಾಧಿತರೂ ಸೇರಿದ್ದಾರೆ.

6. ಧರ್ಮಸಭೆ ಏನು ಹೇಳುತ್ತದೆ?

ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದ ಕೊನೆಯ ಭಾಗ ಓದಿ. ಕುಷ್ಠರೋಗಿ ಯೇಸುಸ್ವಾಮಿಯ ಬಳಿ ಬರುತ್ತಾನೆ. ಪ್ರಭು ಒಂದು ಮಾತಿನಿಂದ ದೂರದಿಂದಲೇ ಗುಣಪಡಿಸಬಹುದಿತ್ತು. ಆದರೆ ಮೊದಲು ಕೈ ಚಾಚಿ ಮುಟ್ಟಿದರು. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪದ ಫಲ ಎಂದು ಕೇಳುತ್ತಾರೆ. ಅವನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಎಂದು ಪ್ರಭು ಆ ಪ್ರಶ್ನೆಯನ್ನೇ ಬದಿಗಿಡುತ್ತಾರೆ. ನಮ್ಮ ತರಗತಿಯ ಪ್ರಶ್ನೆಯೂ ಶಿಷ್ಯರ ಪ್ರಶ್ನೆಯೇ ಆಗಿತ್ತು.

ಸಂತ ಅಲೋಶಿಯಸ್ ಗೊಂಜಾಗ ಯುವಜನರ ಪಾಲಕ. ರೋಮ್‌ನಲ್ಲಿ ಪಿಡುಗು ಬಂದಾಗ ರೋಗಿಗಳ ಸೇವೆ ಮಾಡಿ, ಆ ಸೇವೆಯಲ್ಲೇ ಕಾಯಿಲೆ ಬಿದ್ದು 1591ರಲ್ಲಿ 23ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಅವರನ್ನು ಏಡ್ಸ್ ರೋಗಿಗಳ ಮತ್ತು ಅವರನ್ನು ನೋಡಿಕೊಳ್ಳುವವರ ಪಾಲಕರೆಂದೂ ಪ್ರಾರ್ಥಿಸುತ್ತಾರೆ. 1987ರಲ್ಲಿ, ಜಗತ್ತು ಈ ಕಾಯಿಲೆಗೆ ಹೆದರಿ ನಡುಗುತ್ತಿದ್ದಾಗ, ಪೋಪ್ ಎರಡನೇ ಜಾನ್ ಪಾಲ್ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೋಂಕಿರುವ ಪುಟ್ಟ ಮಗುವನ್ನು ಅಪ್ಪಿಕೊಂಡರು. ಭಾರತದ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲಿ ಎಚ್‌ಐವಿ ಕುರಿತ ತನ್ನ ನೀತಿಯನ್ನು ಹೊರತಂದಿತು. ಬೆಂಗಳೂರಿನಲ್ಲಿ ಕಮಿಲಿಯನ್ ಗುರುಗಳ ಸ್ನೇಹದಾನ್ ಕೇಂದ್ರ 1997ರಿಂದ ಈ ಸೇವೆಯಲ್ಲಿದೆ. ಧರ್ಮಸಭೆ ಶುದ್ಧತೆಯನ್ನೂ ಮದುವೆಯ ನಿಷ್ಠೆಯನ್ನೂ ಬೋಧಿಸುತ್ತದೆ, ನಾವೂ ಅದನ್ನೇ ಕಲಿಸುತ್ತೇವೆ. ಆದರೆ ಆ ಬೋಧನೆ ನಮ್ಮನ್ನು ನಾವು ಕಾಯಲು ಕೊಟ್ಟದ್ದು, ಬೇರೆಯವರ ತಲೆಗೆ ಎಸೆಯಲು ಕೊಟ್ಟ ಕಲ್ಲಲ್ಲ.

7. ನಾವು ಮಾಡಬೇಕಾದದ್ದು

ಒಂದು: ಯಾರಿಗೆ ಇದೆ, ಯಾರಿಗೆ ಇಲ್ಲ ಎಂಬ ಮಾತು ನಮ್ಮ ಬಾಯಿಂದ ಹೊರಡಬಾರದು, ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಬೇಕು.
ಎರಡು: ಮದುವೆ ನಿಶ್ಚಯವಾದಾಗ ಗಂಡು ಹೆಣ್ಣು ಇಬ್ಬರೂ ತಮ್ಮ ಇಚ್ಛೆಯಿಂದ ಪರೀಕ್ಷೆ ಮಾಡಿಸಿಕೊಳ್ಳಲಿ. ಹೆಣ್ಣಿಗೆ ಮಾತ್ರವಲ್ಲ.
ಮೂರು: ಗರ್ಭಿಣಿಯರು ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಿಸಿಕೊಳ್ಳಲಿ.
ನಾಲ್ಕು: ದುಡಿಯಲು ಊರು ಬಿಡುವವರು ಆದಷ್ಟು ಸಂಸಾರ ಸಮೇತ ಹೋಗಲಿ. ಹೋದ ಊರಿನ ಧರ್ಮಕೇಂದ್ರದ ಸಂಪರ್ಕ ಇಟ್ಟುಕೊಳ್ಳಲಿ.
ಐದು: ಆಸ್ಪತ್ರೆಗೆ ಹೋಗಬೇಕಾದ ಕನ್ನಡದ ಹಿರಿಯರ ಜೊತೆ ತೆಲುಗು ಓದಬಲ್ಲ ಯುವಕ ಯುವತಿ ಒಬ್ಬರು ಹೋಗಲು ಸಿದ್ಧರಿದ್ದೇವೆ. ಯಾಕೆ ಎಂದು ಕೇಳುವುದಿಲ್ಲ.

ಕಿರು ಸಮುದಾಯಗಳಲ್ಲಿ ಚರ್ಚೆಗೆ:
– ಒಂದು ಜನಾಂಗದಲ್ಲಿ ಕಾಯಿಲೆ ಹೆಚ್ಚು ಎಂದು ಕೇಳಿದಾಗ ನಮ್ಮ ಮನಸ್ಸು ಮೊದಲು ಹೋಗುವುದು ಕಾರಣದ ಕಡೆಗೋ, ದೂಷಣೆಯ ಕಡೆಗೋ?
– ನಮ್ಮ ಊರಿನ "ಕೆರೆ" ಯಾವುದು? ಅದನ್ನು ಸರಿಪಡಿಸಲು ನಮ್ಮ ಕೈಲಿ ಏನಾಗುತ್ತದೆ?
– ಯಾರ ಮನೆಯ ಊಟವನ್ನು ನಾವು ಬಿಟ್ಟಿದ್ದೇವೆ?

ಕೊನೆಗೆ ಆ ಪಾತ್ರೆಯ ವಿಷಯ. ನಮ್ಮ ಗುಂಪಿನ ನಾಲ್ವರು ಒಂದು ಸಂಜೆ ಅಕ್ಕನ ಮನೆಗೆ ಹೋದೆವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆವು, ಬಾಗಿಲಲ್ಲಿ ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. "ಅಕ್ಕಾ, ತಪ್ಪಾಯ್ತು" ಎಂದಷ್ಟೇ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಜೋಳದ ರೊಟ್ಟಿ, ಬೇಳೆ ತಂದಿಟ್ಟರು. ತಿಂದೆವು. ಇದನ್ನು ಬರೆಯಬಹುದೇ ಎಂದು ಈಚೆಗೆ ಕೇಳಿದಾಗ, "ನನ್ನ ಹೆಸರು ಬ್ಯಾಡ್ರಿ, ಆದ್ರ ಬರೀರಿ. ಇನ್ನೊಬ್ಬಾಕಿ ಮುಚ್ಚಿಕೊಂಡು ಮನಿಗೆ ಹೋಗೂದು ಬ್ಯಾಡ" ಎಂದರು.

ಪ್ರಾರ್ಥನೆ: ಕುಷ್ಠರೋಗಿಯನ್ನು ಮುಟ್ಟಿದ ಪ್ರಭುವೇ, ನಮ್ಮ ಭಯವನ್ನು ಗುಣಪಡಿಸು. ಕಾಯಿಲೆಯಲ್ಲಿರುವವರಿಗೆ ಔಷಧಿಯೂ ಅನ್ನವೂ ಜೊತೆಗಾರರೂ ದೊರೆಯಲಿ. ದೂರದ ಊರಲ್ಲಿ ದುಡಿಯುವವರನ್ನು, ಮನೆಯಲ್ಲಿ ಕಾಯುವವರನ್ನು, ತಮ್ಮ ತಂಗಿಯರಿಗೆ ತಾಯಿತಂದೆಯಾದ ಮಕ್ಕಳನ್ನು ಕಾಪಾಡು. ನಮ್ಮ ನಡುವೆ ಯಾರ ಪಾತ್ರೆಯೂ ಮುಚ್ಚಿಯೇ ಉಳಿಯದಿರಲಿ. ಆಮೆನ್.